ಮದುಮಗಳಿಲ್ಲದ ಆಲ್ಬಮ್

೨೦೦೫ನೇ ಇಸವಿಯ ಮೇ ತಿಂಗಳು, ಗುರುವಾರ. ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಬಾಕಿ. ಸ್ಥಳ, ಬಂಟ್ವಾಳದ ಬಿ.ಸಿ. ರೋಡಿನಲ್ಲಿದ್ದ ನಮ್ಮ ಕಲರ್ ಲ್ಯಾಬ್. ಹಾಜರಿದ್ದವರು ಮೂವರು: ಲ್ಯಾಬಿನ ಯಜಮಾನರಾದ ದಾಮೋದರಣ್ಣ, ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಪುತ್ತಿಗೆಯ ಹರಿಣಾಕ್ಷಿ, ಮತ್ತು ಒಳ್ಳೆಯ ಫೋಟೊ ಯಾವುದು, ಕೆಟ್ಟದ್ದು ಯಾವುದು ಎಂದು ಬೇರೆ ಮಾಡುವ ಕೆಲಸದ ನಾನು, ಸರೋಜ.

ಹೊರಗೆ ಹೋಗುವ ಆಲ್ಬಮನ್ನು ಒಂಬತ್ತಕ್ಕೆ ಕುಳಿತು ಮೊದಲ ಪುಟದಿಂದ ಕೊನೆಯವರೆಗೆ ಮಗುಚಿ ನೋಡುವುದು ನನ್ನ ದಿನದ ಮೊದಲ ಕೆಲಸ. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವಳು ನಾನು. ಒಂಬತ್ತು ಎಂದರೆ ಒಂಬತ್ತು. ಆ ದಿನ ಮೇಜಿನ ಮೇಲಿದ್ದದ್ದು ವಿಟ್ಲದ ಒಂದು ಬ್ಯಾರಿ ಮುಸಲ್ಮಾನರ ಮದುವೆಯ ಆಲ್ಬಮ್. ಪ್ಲಾಸ್ಟಿಕ್ ಜೇಬುಗಳಲ್ಲಿ ಇನ್ನೂರು ಫೋಟೊ. ಒಂದೊಂದೂ ಎಷ್ಟು ಸ್ಪಷ್ಟ ಎಂದರೆ ಮದುಮಗನ ಟೊಪ್ಪಿಯ ಕಸೂತಿಯ ನೂಲು ಎಣಿಸಬಹುದಿತ್ತು. ಒಮ್ಮೆ ನೋಡಿದೆ. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ.

"ಹರಿಣಾಕ್ಷಿ, ಇದರಲ್ಲಿ ಮದುಮಗಳು ಎಲ್ಲಿ?"

"ಇರ್ಬೇಕಲ್ಲಾ ಅಕ್ಕ, ಸರಿ ನೋಡಿ."

"ಎರಡು ಸಲ ನೋಡಿದೆ. ಬಿರಿಯಾನಿ ಉಂಟು, ಹದಿನಾಲ್ಕು ಕಡೆ ಉಂಟು. ಮದುಮಗಳು ಒಂದು ಕಡೆಯೂ ಇಲ್ಲ."

ದಾಮೋದರಣ್ಣ ಚಹಾದ ಲೋಟ ಹಿಡಿದುಕೊಂಡೇ ಎದ್ದು ಬಂದರು. "ಎಂತ ಹೇಳ್ತೀರಿ ಮಾರಾಯ್ರೆ? ನಿನ್ನೆ ನಾನೂ ನೋಡಿದ್ದೇನೆ. ಒಬ್ಬ ಹೆಂಗಸೂ ಕಾಣಲಿಲ್ಲ. ಅವರ ಪೈಕಿ ಹೆಂಗಸರ ಫೋಟೊ ನಾವು ಗಂಡಸರು ನೋಡ್ಲಿಕ್ಕಿಲ್ಲವಲ್ಲ, ನಾನು ನೋಡುವ ಮೊದಲು ನೀವೇ ತೆಗೆದಿಟ್ಟಿದ್ದೀರಿ ಅಂತ ಎಣಿಸಿದೆ. ಸರೋಜಕ್ಕನ ಶಿಸ್ತು ಅಂದ್ರೆ ಶಿಸ್ತು ಅಂತ ಮನಸ್ಸಿನಲ್ಲೇ ಹೊಗಳಿದೆ!"

"ನಾನು ಉಳಿದ ಹೆಂಗಸರದ್ದು ಬೇರೆಯೇ ಆಲ್ಬಮ್ ಅಂತ ಎಣಿಸಿದೆ" ಎಂದಳು ಹರಿಣಾಕ್ಷಿ. ಅವಳ ಧ್ವನಿ ಅರ್ಧದಲ್ಲೇ ಇಳಿಯಿತು.

ಆಲ್ಬಮ್ ಹೋಗಬೇಕಾದದ್ದು ಮದುಮಗಳ ತಂದೆ ಮೊಯಿದಿನಬ್ಬರಿಗೆ. ಅವರು ಸೌದಿಯ ದಮ್ಮಾಮಿನಲ್ಲಿ ಕೆಲಸದಲ್ಲಿದ್ದರು. ಒಬ್ಬಳೇ ಮಗಳು, ಆದರೆ ಮದುವೆಗೆ ರಜೆ ಸಿಕ್ಕಿರಲಿಲ್ಲ. ಮುಂದಿನ ರಜೆಗೆ ಇನ್ನೂ ಎರಡು ವರ್ಷವಿತ್ತು. ಅವರ ಜೊತೆಯಲ್ಲೇ ಕೆಲಸ ಮಾಡುವ ರಝಾಕ್ ಎಂಬವರು ರಜೆ ಮುಗಿಸಿ ಅದೇ ದಿನ ಹೊರಡುವವರಿದ್ದರು. ಸಂಜೆ ನಾಲ್ಕಕ್ಕೆ ಮಂಗಳೂರಿನ ದಾರಿಯಲ್ಲಿ ನಮ್ಮಲ್ಲಿಗೆ ಬಂದು, ಆಲ್ಬಮ್ ಎತ್ತಿಕೊಂಡು ಮುಂಬಯಿ ಬಸ್ಸು ಹಿಡಿಯುವುದೆಂದು ಮಾತಾಗಿತ್ತು. ಅಂದರೆ ತಂದೆಯೊಬ್ಬರು ಮಗಳ ಮದುವೆಯನ್ನು ನೋಡುವುದು ನಾವು ಕಟ್ಟುವ ಈ ಪುಸ್ತಕದಲ್ಲಿ. ಆ ಪುಸ್ತಕದಲ್ಲಿ ಬಿರಿಯಾನಿಯ ಅಗುಳು ಕಾಣುತ್ತಿತ್ತು, ಮಗಳು ಕಾಣುತ್ತಿರಲಿಲ್ಲ.

ಇದು ಹೇಗಾಯಿತೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಕೆಲಸಕ್ಕೆ ಹೊಸದಾಗಿ ಬರುವವರು ಯಂತ್ರಕ್ಕೆ ಬುದ್ಧಿ ಬಂದ ಮೇಲೆ ತಪ್ಪು ಶುರುವಾಯಿತೆಂದು ತಿಳಿಯಬಾರದು. ತಪ್ಪು ಮಾಡುವುದರಲ್ಲಿ ನಾವು ಅದಕ್ಕಿಂತ ಹಿರಿಯರು.

ನಾನು ಲ್ಯಾಬಿಗೆ ಸೇರಿದ್ದು ತೊಂಬತ್ತರ ದಶಕದ ಮೊದಲಲ್ಲಿ. ಆಗ ರೀಲಿನ ಕಾಲ. ವಿಟ್ಲ, ಬೆಳ್ತಂಗಡಿ, ಮೂಡುಬಿದಿರೆಯ ಸ್ಟುಡಿಯೊಗಳು ಬಟ್ಟೆಯ ಚೀಲದಲ್ಲಿ ರೀಲು ಹಾಕಿ ಬೆಳಗಿನ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸುತ್ತಿದ್ದವು. ಸಂಜೆಯ ಬಸ್ಸಿನಲ್ಲಿ ಅದೇ ಚೀಲ ಫೋಟೊ ತುಂಬಿಕೊಂಡು ಹಿಂದೆ ಹೋಗುತ್ತಿತ್ತು. ಯಂತ್ರ ತನಗೆ ಕೊಟ್ಟದ್ದನ್ನೆಲ್ಲ ಅಚ್ಚು ಹಾಕುತ್ತಿತ್ತು: ಮುಖ, ಮೋಡ, ಕ್ಯಾಮೆರಾದ ಮುಚ್ಚಳ, ಫೋಟೊಗ್ರಾಫರನ ಚಪ್ಪಲಿ. ಅದರ ಬಾಯಿಂದ ಬೀಳುವುದನ್ನು ಮೂರು ಅಟ್ಟಿ ಮಾಡುವುದು ನನ್ನ ಕೆಲಸ. ಕೊಡುವುದು, ಇನ್ನೊಮ್ಮೆ ಅಚ್ಚು ಹಾಕುವುದು, ಬಿಸಾಡುವುದು. ಒಂದು ಫೋಟೊಕ್ಕೆ ಎರಡು ಸೆಕೆಂಡು. ನನ್ನ ಕೈ ಎಷ್ಟು ಚುರುಕಾಗಿತ್ತೆಂದರೆ, ಮನೆಯಲ್ಲಿ ಮದುವೆಯ ಕಾಗದ ಬಂದರೂ ಮೂರು ಅಟ್ಟಿ ಮಾಡುತ್ತಿದ್ದೆ.

ಒಂದು ದಿನ ಬೆಳ್ತಂಗಡಿ ಕಡೆಯ ಒಂದು ರೀಲು ಬಂತು. ಪೂರ್ತಿ ರೀಲು ಕಪ್ಪು. ಕಪ್ಪಿನಲ್ಲಿ ಒಂದು ಮಸಿಯ ಹಾಗಿನ ಕಲೆ, ಕಲೆಯಲ್ಲಿ ಎರಡು ಚುಕ್ಕೆ. ಎಲ್ಲವನ್ನೂ ಬಿಸಾಡುವ ಅಟ್ಟಿಗೆ ಹಾಕಿ, ಚೀಲದಲ್ಲಿ "ಏನೂ ಬಂದಿಲ್ಲ" ಎಂದು ಚೀಟಿ ಬರೆದಿಟ್ಟೆ. ಮರುದಿನ ಬೆಳಿಗ್ಗೆ ರೀಲಿನ ಧಣಿ ಬಾಬು ಗೌಡರು ಖುದ್ದು ಇಳಿದರು.

"ನನ್ನ ಚಿರತೆ ಎಲ್ಲಿ?"

"ಯಾವ ಚಿರತೆ?"

"ದನದ ಹಟ್ಟಿಗೆ ಬಂದದ್ದು! ಕಿಟಕಿಯಲ್ಲಿ ಕೈ ಹಾಕಿ, ಜೀವ ಕೈಯಲ್ಲಿ ಹಿಡಿದು ತೆಗೆದದ್ದು ನಾನು. ಫಾರೆಸ್ಟಿನವರು ಪುರಾವೆ ಕೇಳ್ತಾರೆ. ನೀವು ಏನೂ ಬಂದಿಲ್ಲ ಅಂತ ಬರೀತೀರಿ. ಬಂದದ್ದನ್ನು ನೋಡಿದವ ನಾನಾ, ನೀವಾ?"

ಹಿಂದಿನ ಸಂಜೆಯ ಕಸ ಪುಣ್ಯಕ್ಕೆ ಇನ್ನೂ ಹೊರಗೆ ಹೋಗಿರಲಿಲ್ಲ. ಗೌಡರೂ ನಾನೂ ಬುಟ್ಟಿ ಕವುಚಿ ಹುಡುಕಿದೆವು. ಕಪ್ಪು ಕಾಗದಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, "ಇದು ಕಿವಿ", "ಇದು ಬಾಲ" ಎಂದು ನನಗೆ ಪಾಠ ಮಾಡಿದರು. ಕೊನೆಗೆ ನನಗೂ ಬಾಲ ಕಾಣತೊಡಗಿತು. ಫಾರೆಸ್ಟಿನವರು ನೋಡಿ "ಇದು ನಾಯಿ" ಎಂದರಂತೆ. ಅದನ್ನು ಕಂಡಕ್ಟರರು ಹೇಳಿದ್ದು. ಗೌಡರ ಮನೆಯ ಚಾವಡಿಯಲ್ಲಿ ಮಾತ್ರ ಅದು ಕಟ್ಟು ಹಾಕಿಸಿಕೊಂಡು ಚಿರತೆಯಾಗಿಯೇ ಉಳಿಯಿತು.

ಅಂದಿನಿಂದ ನಾನೊಂದು ನಿಯಮ ಮಾಡಿದೆ. ಬಿಸಾಡುವ ಫೋಟೊಗಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಎಂಟು ದಿನ ಇರಬೇಕು. ಎಂಟು ದಿನದಲ್ಲಿ ಯಾರೂ ಚಿರತೆ ಕೇಳಿಕೊಂಡು ಬರದಿದ್ದರೆ ಒಲೆಗೆ.

ದಾಮೋದರಣ್ಣನ ಶತ್ರು ಬೇರೆ. ಅವರಿಗೆ ಕಣ್ಣು ಮುಚ್ಚಿದ ಫೋಟೊ ಆಗುತ್ತಿರಲಿಲ್ಲ. ಮೂಡುಬಿದಿರೆ ಕಡೆಯ ಒಂದು ಶಾಲೆಯಲ್ಲಿ ಹೆಡ್ಮಾಸ್ತರರ ಬೀಳ್ಕೊಡುಗೆ. ತೆಗೆದ ಅಷ್ಟೂ ಗುಂಪು ಫೋಟೊಗಳಲ್ಲಿ ಹೆಡ್ಮಾಸ್ತರರ ಕಣ್ಣು ಮುಚ್ಚಿಯೇ ಇತ್ತು. ದಾಮೋದರಣ್ಣ ಬ್ರಷ್ ಹಿಡಿದು, ಭೂತಗನ್ನಡಿ ಇಟ್ಟು, ಅರ್ಧ ದಿನ ಕುಳಿತು ಎರಡು ಚಂದದ ಕಣ್ಣು ಬರೆದರು. ಫೋಟೊ ಶಾಲೆಗೆ ಹೋಯಿತು. ಮೂರನೇ ದಿನ ಶಾಲೆಯಿಂದ ಒಬ್ಬರು ಮೇಷ್ಟ್ರು ಅದನ್ನು ಹಿಂದೆ ತಂದರು.

"ಫೋಟೊ ಲಾಯ್ಕ ಉಂಟು. ಆದ್ರೆ ನಡುವೆ ಕೂತವರು ಯಾರು ಅಂತ ಮಕ್ಕಳಿಗೆ ಗುರ್ತವೇ ಆಗುವುದಿಲ್ಲ. ನಮ್ಮ ಹೆಡ್ಮಾಸ್ತರರು ಕಣ್ಣು ಬಿಟ್ಟು ಕೂತದ್ದನ್ನು ಮಕ್ಕಳು ಯಾವಾಗ ಕಂಡದ್ದು?"

ಮುಚ್ಚಿದ ಕಣ್ಣಿನ ಪ್ರತಿಯೇ ಪೆಟ್ಟಿಗೆಯಿಂದ ಎದ್ದು ಹೋಯಿತು. ಎಂಟು ದಿನದ ನಿಯಮಕ್ಕೆ ಎರಡನೇ ಜಯ.

ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು. ರೀಲು ಇದ್ದಾಗ ಫೋಟೊಗ್ರಾಫರರು ಉಸಿರು ಹಿಡಿದು ಒತ್ತುತ್ತಿದ್ದರು. ಈಗ ಉಸಿರು ಬಿಡುವಾಗೆಲ್ಲ ಒತ್ತಿದರು. ಒಂದು ಮದುವೆಗೆ ಸಾವಿರಗಟ್ಟಲೆ ಫೋಟೊ. ನನ್ನ ಎರಡು ಸೆಕೆಂಡಿನ ಲೆಕ್ಕ ಸಾಲದಾಯಿತು. ಆಗ ದಾಮೋದರಣ್ಣ ಮಂಗಳೂರಿನ ಒಬ್ಬ ಎಂಜಿನಿಯರರ ಕೈಯಲ್ಲಿ ಒಂದು ಪ್ರೋಗ್ರಾಮ್ ಬರೆಸಿ ತಂದರು. ಫೋಟೊಗಳನ್ನು ಅದರ ಬಾಯಿಗೆ ಹಾಕಿದರೆ ಒಂದೊಂದಕ್ಕೂ ನೂರರಲ್ಲಿ ಇಷ್ಟು ಎಂದು ಅಂಕ ಕೊಡುತ್ತದೆ. ನಲವತ್ತಕ್ಕಿಂತ ಕಡಿಮೆ ಬಂದದ್ದು ತಾನಾಗಿಯೇ "ತಿರಸ್ಕೃತ" ಎಂಬ ಫೋಲ್ಡರಿಗೆ ಹೋಗುತ್ತದೆ. ಹೆಚ್ಚು ಅಂಕ ಬಂದದ್ದು ಆಲ್ಬಮಿಗೆ. ನಾನು ಮೂರು ದಿನ ಮಾಡುತ್ತಿದ್ದ ಕೆಲಸವನ್ನು ಅದು ನಾನು ಚಹಾ ಕುಡಿದು ಬರುವಷ್ಟರಲ್ಲಿ ಮುಗಿಸುತ್ತಿತ್ತು. ನನಗೆ ಅದು ಬಹಳ ಹಿಡಿಸಿತು. ಅದಕ್ಕೆ ಮುಲಾಜು ಇರಲಿಲ್ಲ, ನೆಗಡಿ ಇರಲಿಲ್ಲ, ಸಮಯಕ್ಕೆ ಸರಿಯಾಗಿ ಮುಗಿಸುತ್ತಿತ್ತು.

ಅದು ಅಂಕ ಕೊಡುವ ಕ್ರಮವನ್ನು ಮಾತ್ರ ನಾವು ಯಾರೂ ಕೇಳಿ ತಿಳಿದಿರಲಿಲ್ಲ. ಅದಕ್ಕೆ ಮನುಷ್ಯರ ಗುರುತು ಇಲ್ಲ. ಫೋಟೊದಲ್ಲಿ ಪಕ್ಕಪಕ್ಕದ ಬಣ್ಣದ ಚುಕ್ಕೆಗಳ ನಡುವೆ ಎಷ್ಟು ವ್ಯತ್ಯಾಸ ಇದೆ ಎಂದಷ್ಟೇ ಅದು ನೋಡುವುದು. ಗೆರೆ ಚೂಪಾಗಿದ್ದಷ್ಟೂ ಅಂಕ ಹೆಚ್ಚು. ಪೌಡರ್ ಹಾಕಿದ ನುಣ್ಣಗಿನ ಕೆನ್ನೆಗೆ ಅಂಕ ಕಡಿಮೆ. ಬಿಡಿಬಿಡಿಯಾಗಿ ನಿಂತ ಬಿರಿಯಾನಿಯ ಅಗುಳಿಗೆ ನೂರಕ್ಕೆ ತೊಂಬತ್ತೆಂಟು. ನಮ್ಮ ಊರಿನ ಮದುವೆಗಳಲ್ಲಿ ಆ ಪ್ರೋಗ್ರಾಮಿನ ಪ್ರಕಾರ ಅತ್ಯಂತ ಸುಂದರವಾದದ್ದು ಬಿರಿಯಾನಿ, ಆಮೇಲೆ ಚಾಪೆ, ಆಮೇಲೆ ಗಡ್ಡ.

ಫೋಟೊ ಹೆಚ್ಚಾದ ಹಾಗೆ ಕಂಪ್ಯೂಟರಿನ ಹೊಟ್ಟೆ ತುಂಬತೊಡಗಿತು. ಅದಕ್ಕೆ ಪರಿಹಾರ ಹುಡುಕಿದವಳೂ ನಾನೇ. ಎಂಟು ದಿನದ ಹಳೆಯ ನಿಯಮವನ್ನು ನಾನೇ ರದ್ದು ಮಾಡಿ, ಸಂಜೆ ಐದೂವರೆಗೆ ತಿರಸ್ಕೃತ ಫೋಲ್ಡರನ್ನು ಖಾಲಿ ಮಾಡುವುದೆಂದು ಹೊಸದು ಬರೆದೆ. ಎರಡು ಗುಂಡಿ ಒತ್ತುವುದು, ರಿಜಿಸ್ಟರಿನಲ್ಲಿ "ಖಾಲಿ ಮಾಡಲಾಗಿದೆ" ಎಂದು ಬರೆದು ಸಹಿ ಹಾಕುವುದು, ಆರು ಗಂಟೆಯ ಬಸ್ಸಿಗೆ ಹೊರಡುವುದು. ಒಳಗೆ ಏನಿದೆ ಎಂದು ತೆರೆದು ನೋಡಿದವಳಲ್ಲ. ಯಂತ್ರ ಬೇಡ ಎಂದದ್ದನ್ನು ನಾನು ಯಾಕೆ ನೋಡಲಿ?

ಗುರುವಾರಕ್ಕೆ ಹಿಂದಿರುಗುತ್ತೇನೆ.

ವಿಟ್ಲದ ಆ ಮದುವೆಗೆ ಹೋದ ಫೋಟೊಗ್ರಾಫರ್ ಹಮೀದ್ ಗಂಡಸರ ಕಡೆಯಷ್ಟೇ ಫೋಟೊ ತೆಗೆದಿದ್ದರು. ಹೆಂಗಸರ ಕಡೆಗೆ ಗಂಡಸು ಕ್ಯಾಮೆರಾ ಹಿಡಿದು ಹೋಗುವ ಕ್ರಮ ಆ ಮನೆಯಲ್ಲಿ ಇರಲಿಲ್ಲ. ಅಲ್ಲಿ ತೆಗೆದದ್ದು ಮದುಮಗಳ ಅತ್ತೆ, ಅಂದರೆ ಮೊಯಿದಿನಬ್ಬರ ತಂಗಿ ಜಮೀಲಾ. ಅಣ್ಣ ಗಲ್ಫಿನಿಂದ ಕಳಿಸಿದ ಸಣ್ಣ ಕ್ಯಾಮೆರಾ. ಅವರು ಅದನ್ನು ಕೈಯಲ್ಲಿ ಹಿಡಿದದ್ದು ಆ ದಿನವೇ ಮೊದಲು. ಇಂಥ ಮನೆಗಳ ಹೆಂಗಸರ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಹಮೀದ್ ಬೇರೆ ಲಕೋಟೆಯಲ್ಲಿ ಹಾಕಿ ಹಸಿರು ನೂಲು ಕಟ್ಟಿ ಕಳಿಸುತ್ತಿದ್ದರು. ಹಸಿರು ನೂಲು ಕಂಡರೆ ಅದನ್ನು ನಾನು ಅಥವಾ ಹರಿಣಾಕ್ಷಿ ಬಿಚ್ಚಬೇಕು, ದಾಮೋದರಣ್ಣ ಮುಖ ಆಚೆ ತಿರುಗಿಸಬೇಕು. ಲ್ಯಾಬಿನಲ್ಲಿ ಇದು ಹೇಳಿ ಮಾಡಿದ ನಿಯಮವಲ್ಲ, ಹೇಳದೆಯೇ ನಡೆದುಬಂದದ್ದು. ಆ ಮರ್ಯಾದೆಯೇ ಈ ಸಲ ನಮ್ಮನ್ನು ಮುಳುಗಿಸಿತ್ತು: ಹೆಂಗಸರು ಕಾಣದಿದ್ದಾಗ ಯಾಕೆಂದು ಯಾರೂ ಕೇಳಿರಲಿಲ್ಲ. ಜಮೀಲಕ್ಕ ತೆಗೆದ ಫೋಟೊ ಒಂದಕ್ಕೂ ನಲವತ್ತು ಬಂದಿರಲಿಲ್ಲ. ಅಷ್ಟೂ ತಿರಸ್ಕೃತಕ್ಕೆ ಹೋಗಿದ್ದವು. ಅದನ್ನು ಹಿಂದಿನ ಸಂಜೆ ಐದೂವರೆಗೆ ಸರಿಯಾಗಿ ನಾನು ಖಾಲಿ ಮಾಡಿದ್ದೆ. ರಿಜಿಸ್ಟರಿನಲ್ಲಿ ನನ್ನ ಸಹಿ ಇತ್ತು. ಅಕ್ಷರ ಬಹಳ ದುಂಡಾಗಿತ್ತು.

"ಮಂಗಳೂರಿಗೆ ಕೊಂಡುಹೋದ್ರೆ ಅಳಿಸಿದ್ದನ್ನು ಹಿಂದೆ ತರ್ಲಿಕ್ಕೆ ಆಗ್ತದಂತೆ" ಎಂದರು ದಾಮೋದರಣ್ಣ. "ಆದ್ರೆ ಎರಡು ದಿನ ಬೇಕಂತೆ."

ನಮ್ಮಲ್ಲಿದ್ದದ್ದು ಏಳು ಗಂಟೆಗೂ ಕಡಿಮೆ. ಒಂಬತ್ತೂ ಇಪ್ಪತ್ತಕ್ಕೆ ಹಮೀದರಿಗೆ ಫೋನ್ ಮಾಡಿದೆ.

"ನನ್ನದು ನಿನ್ನೆಯೇ ಅಳಿಸಿ ಆಯ್ತು ಸರೋಜಕ್ಕ, ಇವತ್ತು ಕನ್ಯಾನದಲ್ಲಿ ಮದುವೆ ಉಂಟು."

"ಹಸಿರು ನೂಲಿನದ್ದು?"

"ಅದನ್ನು ಜಮೀಲಕ್ಕನಿಗೆ ಹಿಂದೆ ಕೊಟ್ಟೆ. ಅಳಿಸಿ ಇಟ್ಟುಕೊಳ್ಳಿ, ಮುಂದಕ್ಕೆ ಜಾಗ ಬೇಕಾಗ್ತದೆ ಅಂತ ಚಂದ ಮಾಡಿ ಹೇಳಿದ್ದೇನೆ."

"ಯಾಕೆ ಹೇಳಿದ್ದು ಮಾರಾಯ?"

"ನೀವೇ ಅಲ್ವಾ ನನಗೆ ಕಲಿಸಿದ್ದು, ಕೆಲಸ ಆದ ಕೂಡಲೇ ಖಾಲಿ ಮಾಡ್ಬೇಕು ಅಂತ?"

ಅವರಿಂದ ನಂಬರ್ ತೆಗೆದುಕೊಂಡು ಜಮೀಲಕ್ಕನಿಗೆ ಫೋನ್ ಮಾಡಿದೆ. ಸುತ್ತಿ ಬಳಸದೆ ಕೇಳಿದೆ: ಕ್ಯಾಮೆರಾದಲ್ಲಿ ಮದುವೆಯ ಫೋಟೊ ಇದೆಯೋ, ಹೋಗಿದೆಯೋ?

"ಹಮೀದ್ ಅಳಿಸ್ಲಿಕ್ಕೆ ಹೇಳಿದ. ಮೂರು ಸಲ ಮಾಡಿದೆ, ನನಗೆ ಬರುವುದಿಲ್ಲ. ಒತ್ತಿದ್ರೆ ಅದು ಬೇಕಾ ಬೇಡವಾ ಅಂತ ಕೇಳ್ತದೆ. ಹಾಗೆ ಕೇಳಿದ್ರೆ ನಾನು ಎಂತ ಹೇಳುವುದು? ಬೇಕು ಅಂತ್ಲೇ ಹೇಳಿದೆ."

ನನಗೆ ಹೋದ ಜೀವ ಬಂತು. "ಹಾಗಾದ್ರೆ ಒಂದು ಉಪಕಾರ ಮಾಡಿ. ಆ ಕಾರ್ಡನ್ನು ಈಗಿನ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಡಿ."

"ಯಾಕೆ? ನಿಮಗೆ ಕೊಟ್ಟದ್ದು ಎಲ್ಲಿ ಹೋಯ್ತು?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಕರೆಂಟ್ ಹೋಯಿತು, ಕಂಪ್ಯೂಟರ್ ಕೆಟ್ಟಿತು, ಏನಾದರೂ. ಹೊಸಬರು ಗಮನಿಸಿ: ಲ್ಯಾಬುಗಳಲ್ಲಿ ಕರೆಂಟಿನ ಮೇಲೆ ಹಾಕಿದ ತಪ್ಪುಗಳೇ ಹೆಚ್ಚು. "ನಾನು ಅಳಿಸಿದೆ" ಎಂದೆ.

"ಕಂಡಕ್ಟರ್ ಬೇಡ. ನಾನೇ ಬರ್ತೇನೆ."

ಹತ್ತೂ ಐವತ್ತಕ್ಕೆ ಜಮೀಲಕ್ಕ ಬಸ್ಸಿನಿಂದ ಇಳಿದರು. ದಾಮೋದರಣ್ಣ ಅವರಿಗೆ ಕುರ್ಚಿ ತೋರಿಸಿ, ತಾವಾಗಿಯೇ ಹೊರಗಿನ ಕೋಣೆಗೆ ಹೋಗಿ ಕುಳಿತರು. ಜಮೀಲಕ್ಕ ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿನ ಮೇಲಿದ್ದ ಆಲ್ಬಮನ್ನು ಒಂದೊಂದೇ ಪುಟ ಮಗುಚಿದರು.

"ಇದು ಬಿರಿಯಾನಿ. ಇದೂ ಬಿರಿಯಾನಿ. ಇದು ಎಂತ, ಚೆಂಬು? ಇದನ್ನು ನನ್ನ ಅಣ್ಣನಿಗೆ ಕಳಿಸುವುದಾ? ಅವನ ಮಗಳಿಗೆ ಮದುವೆ ಆದದ್ದಾ, ಅಡಿಗೆಯವನಿಗೆ ಆದದ್ದಾ?"

ಹರಿಣಾಕ್ಷಿ ಪ್ರೋಗ್ರಾಮಿನ ವಿಷಯ ಹೇಳಲು ಹೋದಳು. ಅಲುಗಿದ ಫೋಟೊ, ಕತ್ತಲೆಯ ಫೋಟೊಗಳನ್ನು ಅದು ಕಳಪೆ ಎಂದು ತಾನಾಗಿ ತೆಗೆದುಹಾಕುತ್ತದೆ ಎಂದಳು.

"ನಾನು ತೆಗೆದದ್ದು ಕಳಪೆ ಅಂತ ಹೇಳ್ಲಿಕ್ಕೆ ಅದು ಮದುವೆಗೆ ಬಂದಿತ್ತಾ?" ಎಂದು ಜಮೀಲಕ್ಕ ಕಂಪ್ಯೂಟರನ್ನೇ ನೋಡಿ ಕೇಳಿದರು.

ಹನ್ನೊಂದಕ್ಕೆ ಮೂವರೂ ಪರದೆಯ ಮುಂದೆ ಕುಳಿತೆವು. ಪ್ರೋಗ್ರಾಮಿಗೆ ರಜೆ ಕೊಟ್ಟೆವು. ನಾನು ಹಳೆಯ ಕ್ರಮದಲ್ಲಿ ಎರಡೆರಡು ಸೆಕೆಂಡಿನಂತೆ ಶುರು ಮಾಡಿದೆ. ನಿಜ ಹೇಳಬೇಕೆಂದರೆ, ಕೈಯಿಂದ ಮಾಡಿದರೂ ನನ್ನ ತೀರ್ಪು ಯಂತ್ರದ್ದಕ್ಕಿಂತ ಬೇರೆಯಾಗುವ ಹಾಗಿರಲಿಲ್ಲ. ಫೋಟೊಗಳು ಅಷ್ಟು ಕೆಟ್ಟದಾಗಿದ್ದವು. ಅರ್ಧಕ್ಕರ್ಧ ಅಲುಗಿದ್ದವು. ಬಹುತೇಕ ಎಲ್ಲದರ ಬಲಮೂಲೆಯಲ್ಲಿ ದಪ್ಪನೆಯ ಒಂದು ಬೆರಳು ಅಡ್ಡ ಬಂದಿತ್ತು.

"ಇದು ಬೇಡ, ಅಲುಗಿದೆ" ಎಂದೆ.

"ಅದು ಫೋಟೊ ಅಲುಗಿದ್ದಲ್ಲ. ಅವಳು ನಗ್ತಾ ಇದ್ದದ್ದು. ಅವಳ ನಗು ಹಾಗೆಯೇ, ಮೈಯೆಲ್ಲ ಅಲುಗಿಸಿ ನಗುವುದು."

"ಇದು?"

"ಇದು ಅವಳನ್ನು ಗಂಡನ ಮನೆಗೆ ಕಳಿಸಿಕೊಡುವಾಗ. ಇದರಲ್ಲಿ ಅಲುಗಿದ್ದು ನಾನು. ಅಳ್ತಾ ಇದ್ದೆ."

ಹರಿಣಾಕ್ಷಿ ಗುಂಡಿ ಒತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು "ಇಡು" ಎಂದೆ.

ಆಮೇಲೆ ಒಂದು ಕೈಯ ಫೋಟೊ ಬಂತು. ಮದರಂಗಿ ಹಾಕಿದ ಕೈ, ಅದರಲ್ಲಿ ಒಂದು ಗಡಿಯಾರ. ಗಡಿಯಾರದ ಮುಳ್ಳು ಕಾಣದಷ್ಟು ಮಸುಕು. ಕುತೂಹಲಕ್ಕೆ ಪ್ರೋಗ್ರಾಮಿನಲ್ಲಿ ಹಾಕಿ ನೋಡಿದೆವು: ಹನ್ನೊಂದು ಅಂಕ.

"ಆ ಗಡಿಯಾರ ಅವಳ ಬಾಪ, ನನ್ನ ಅಣ್ಣ, ಕಳಿಸಿದ್ದು" ಎಂದರು ಜಮೀಲಕ್ಕ. "ಅದನ್ನು ಕೈಗೆ ಕಟ್ಟಿದ ಫೋಟೊ ಬೇಕು ಅಂತ ಎರಡು ಸಲ ಫೋನಿನಲ್ಲಿ ಹೇಳಿದ್ದಾನೆ. ಬೇರೆ ಯಾವುದೂ ಬೇಡ, ಅದೊಂದು ಬೇಕು ಅಂತ."

ನಾನು ಆ ಫೋಟೊವನ್ನು ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ನೋಡಿದೆ. ಸಣ್ಣಕ್ಕೆ ಅಚ್ಚು ಹಾಕಿದರೆ ಮಸುಕು ಅಷ್ಟು ಕಾಣುವುದಿಲ್ಲ. ಸ್ವಲ್ಪ ಬೆಳಕು ಏರಿಸಿದರೆ ಮದರಂಗಿಯ ಬಳ್ಳಿ ಎದ್ದು ಬರುತ್ತದೆ. ಇದು ಬಿಸಾಡುವ ಅಟ್ಟಿಯದ್ದಲ್ಲ, ಇನ್ನೊಮ್ಮೆ ಅಚ್ಚು ಹಾಕುವ ಅಟ್ಟಿಯದ್ದು. ಯಂತ್ರಕ್ಕೆ ಎರಡೇ ಅಟ್ಟಿ ಕೊಟ್ಟು, ಮೂರನೆಯದನ್ನು ನಾವು ಮರೆತೇಬಿಟ್ಟಿದ್ದೆವು.

ಊಟದ ಹೊತ್ತು ದಾಟಿತು. ಒಂದು ಗಂಟೆಗೆ ಸರಿಯಾಗಿ ಬುತ್ತಿ ಬಿಚ್ಚದೆ ಇದ್ದದ್ದು ನನ್ನ ಕೆಲಸದಲ್ಲಿ ಅದೇ ಮೊದಲು. ಹರಿಣಾಕ್ಷಿ ಒಂದೊಂದಕ್ಕೂ ಬೆಳಕು ಸರಿಮಾಡಿ ಕೊಟ್ಟಳು, ನಾನು ಅಚ್ಚು ನೋಡಿದೆ, ಜಮೀಲಕ್ಕ ಒಣಗಿದ್ದನ್ನು ಆಲ್ಬಮಿನ ಜೇಬಿಗೆ ಸೇರಿಸಿದರು. ಜಾಗ ಮಾಡಲು ಚೆಂಬು, ಚಾಪೆ, ಸಾಲಾಗಿ ನಿಂತ ಕಾರುಗಳನ್ನು ಹೊರಗೆ ತೆಗೆದೆವು. ಕೊನೆಗೆ ನಾನು ಬಿರಿಯಾನಿಗೆ ಕೈ ಹಾಕಿದೆ.

"ಎಲ್ಲ ತೆಗೀಬೇಡಿ" ಎಂದರು ಜಮೀಲಕ್ಕ. "ಒಂದು ಇರಲಿ. ಅವನಿಗೆ ಅದೂ ಸಿಗಲಿಲ್ಲವಲ್ಲ."

ಹದಿನಾಲ್ಕರಲ್ಲಿ ತೊಂಬತ್ತೆಂಟು ಅಂಕದ್ದನ್ನು ಉಳಿಸಿದೆವು.

ಮೊದಲ ಪುಟಕ್ಕೆ ಯಾವುದೆಂದು ಸಣ್ಣ ಜಗಳವಾಯಿತು. ಮದುಮಗಳು ಗೋಡೆಗೆ ಒರಗಿ ನೆಟ್ಟಗೆ ಕುಳಿತ, ಇದ್ದುದರಲ್ಲಿ ಸ್ಪಷ್ಟವಾದ ಒಂದನ್ನು ನಾನು ಆರಿಸಿದ್ದೆ. ಜಮೀಲಕ್ಕ ಅದನ್ನು ಒಳಗೆ ತಳ್ಳಿ, ಮೈಯೆಲ್ಲ ಅಲುಗಿಸಿ ನಗುವುದನ್ನು ಮುಂದಿಟ್ಟರು. ನಾನು ಬಾಯಿ ತೆರೆದೆ. ಅವರು ನನ್ನನ್ನು ನೋಡಿದರು. ನಾನು ಮೊದಲ ಪುಟದ ಜೇಬು ಅಗಲಿಸಿ ಹಿಡಿದೆ.

ರಝಾಕ್ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಂದರು. ಕೊನೆಯ ಫೋಟೊ ಜೇಬಿಗೆ ಹೋಗುತ್ತಿತ್ತು. ಜಮೀಲಕ್ಕ ಆಲ್ಬಮನ್ನು ತಮ್ಮ ಕೈಯಿಂದಲೇ ಕಾಗದದಲ್ಲಿ ಸುತ್ತಿ, ಹಸಿರು ನೂಲು ಕಟ್ಟಿ ಅವರಿಗೆ ಕೊಟ್ಟರು. "ದಾರಿಯಲ್ಲಿ ಬಿಚ್ಚಬೇಡ. ಅಣ್ಣನೇ ಬಿಚ್ಚಬೇಕು." ರಝಾಕ್ ತಲೆ ಅಲ್ಲಾಡಿಸಿ, ಅದನ್ನು ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟು ಹೊರಟರು.

ಆಲ್ಬಮ್ ತಲುಪಿದ ಸುದ್ದಿ ಬಂದದ್ದು ಕೆಲವು ವಾರಗಳ ನಂತರ, ಜಮೀಲಕ್ಕನ ಫೋನಿನಲ್ಲಿ. ಮೊಯಿದಿನಬ್ಬರು ಮೊದಲ ಪುಟವನ್ನೇ ಬಹಳ ಹೊತ್ತು ಹಿಡಿದು ಕುಳಿತಿದ್ದರಂತೆ. ಗಡಿಯಾರ ಸರಿಯಾಗಿ ಕೂತಿದೆ ಎಂದರಂತೆ. ಆಮೇಲೆ, "ಎಲ್ಲರೂ ಇದ್ದಾರೆ, ನೀನು ಮಾತ್ರ ಒಂದರಲ್ಲೂ ಕಾಣಲಿಲ್ಲ ಅಂತ ಎಣಿಸಿದೆ. ಮತ್ತೆ ನೋಡಿದ್ರೆ ಪ್ರತಿಯೊಂದರ ಮೂಲೆಯಲ್ಲೂ ಉಂಟಲ್ಲಾ ನಿನ್ನ ಬೆರಳು!" ಎಂದರಂತೆ.

ಆದರೆ ಅದು ಆಮೇಲಿನ ಮಾತು. ಆ ಗುರುವಾರದ ಕೆಲಸ ಇನ್ನೂ ಒಂದು ಬಾಕಿ ಇತ್ತು.

ಜಮೀಲಕ್ಕನನ್ನು ವಿಟ್ಲದ ಬಸ್ಸಿಗೆ ಹತ್ತಿಸಿ ಬಂದಾಗ ಐದೂವರೆ. ಆ ದಿನ ಬಂದ ಬೇರೆ ಮದುವೆಗಳಿಂದ ಪ್ರೋಗ್ರಾಮ್ ಬೆಳಿಗ್ಗೆಯೇ ತೆಗೆದುಹಾಕಿದ್ದ ಫೋಟೊಗಳು ತಿರಸ್ಕೃತ ಫೋಲ್ಡರಿನಲ್ಲಿದ್ದವು. ರಿಜಿಸ್ಟರ್ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಎರಡು ಗುಂಡಿಗಳ ಮೇಲೆ ಬೆರಳಿಟ್ಟೆ. ಕಂಪ್ಯೂಟರ್ ಕೇಳಿತು, ಬೇಕಾ ಬೇಡವಾ ಎಂದು. ನೂರಾರು ಸಲ ಅದು ಆ ಪ್ರಶ್ನೆ ಕೇಳಿತ್ತು. ನಾನು ಕೇಳಿಸಿಕೊಂಡದ್ದು ಅಂದೇ ಮೊದಲು.

ಕುರ್ಚಿ ಹತ್ತಿರ ಎಳೆದುಕೊಂಡು ಫೋಲ್ಡರ್ ತೆರೆದೆ.

"ಅಕ್ಕ, ನಿಮ್ಮ ಬಸ್ಸು!" ಎಂದಳು ಹರಿಣಾಕ್ಷಿ ಬಾಗಿಲಿನಿಂದ.

"ನೀನು ಹೋಗು."

ಒಂದೊಂದಾಗಿ ನೋಡಿದೆ. ಮುಚ್ಚಿದ ಕಣ್ಣು, ಕತ್ತಲೆ, ಯಾರದ್ದೋ ಬೆನ್ನು. ಏಳನ್ನು ಹೊರಗೆ ತೆಗೆದೆ. ಉಳಿದವನ್ನು ಎಂಟು ದಿನಕ್ಕೆ ಇಟ್ಟೆ. ರಿಜಿಸ್ಟರಿನಲ್ಲಿ "ಖಾಲಿ ಮಾಡಲಾಗಿದೆ" ಎಂದು ಬರೆಯುವ ಜಾಗದಲ್ಲಿ "ನೋಡಲಾಗಿದೆ" ಎಂದು ಬರೆದು ಸಹಿ ಹಾಕಿದೆ. ಗಡಿಯಾರ ನೋಡಿದರೆ ಆರೂ ಇಪ್ಪತ್ತು. ಬಸ್ಸು ಹೋಗಿ ಇಪ್ಪತ್ತು ನಿಮಿಷವಾಗಿತ್ತು.